ನಾನು ಬರೆಸಿದ ಜೂನ್ ಒಂದು

ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದು ಆಗುವ ಮಾತಲ್ಲ ಎಂದು ಹೇಳಿದವರು ನನ್ನ ಸೋದರಮಾವ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅವರದೊಂದು ಸಣ್ಣ ಬಳೆ ಅಂಗಡಿ. ನಾನು ಆರನೆಯ ತರಗತಿಯಲ್ಲಿದ್ದಾಗ ಉಗಾದಿಗೆ ಬಳೆ ಇಡಿಸಿಕೊಳ್ಳಲು ಹೋಗಿದ್ದೆ. ನನ್ನ ಮುಂಗೈ ಹಿಚುಕಿ ಬಳೆ ಏರಿಸುತ್ತ, ಅಲ್ಲಿದ್ದ ಹೆಂಗಸರಿಗೆಲ್ಲ ಕೇಳುವಂತೆ ಅಂದರು: "ಇಕಿ ಮುಂದ ಕಾಲೇಜಿಗೆ ಹೊಕ್ಕಾಳಂತ. ನಮ್ಮ ಮಂದಿಯೊಳಗ ಯಾರಿಗರ ಕಾಲೇಜಿನ ಗೇಟು ಯಾವ ದಿಕ್ಕಿಗೈತಿ ಅಂತ ಗೊತ್ತೈತೇನು? ಇಕಿ ಡಿಗ್ರಿ ಮುಗಿಸಿದ ದಿನಾ ನಾ ಮೀಸಿ ಬೋಳಿಸ್ತೇನಿ."

ಧಾರವಾಡದಲ್ಲಿ ಬಿ.ಎ. ಮುಗಿಸಿದೆ. ಅಲ್ಲಿಯೇ ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿದೆ. ಮಾಮಾನ ಮೀಸೆ ಇನ್ನೂ ಹಾಗೇ ಇದೆ, ಈಗ ಅದಕ್ಕೆ ಬಣ್ಣ ಹಚ್ಚುತ್ತಾರೆ. ಕೇಳಿದರೆ, "ನಿನಗ ಹಟಾ ಬರ್ಲಿ ಅಂತ ಅಂದಿದ್ದೆ, ಬಂತಿಲ್ಲೋ?" ಎನ್ನುತ್ತಾರೆ.

ಹಟ ಬಂದದ್ದು ನಿಜ. ಅಪ್ಪ ಬಟ್ಟೆ ಅಂಗಡಿಗಳಿಗೆ ಗಂಟು ಹೊರುತ್ತಿದ್ದರು. ಅವ್ವ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಇಬ್ಬರಿಗೂ ಓದಲು ಬರುವುದಿಲ್ಲ. ಉಣಕಲ್ಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕರೆಂಟಿನ ಬಿಲ್ಲಿನಿಂದ ಹಿಡಿದು ಮದುವೆಯ ಕರೆಯೋಲೆಯ ತನಕ ಎಲ್ಲವನ್ನೂ ಓದಿ ಹೇಳಬೇಕಾದವಳು ನಾನೇ. ನನ್ನ ಪದವಿಯ ಕತೆಯನ್ನು ಯಾರು ಕೇಳಿದರೂ ಹೆಮ್ಮೆಯಿಂದ ಹೇಳುತ್ತಿದ್ದೆ. ಆದರೆ ಒಂದು ಭಾಗವನ್ನು ಬಿಟ್ಟು ಹೇಳುತ್ತಿದ್ದೆ. ಆ ಭಾಗ ಹನ್ನೆರಡು ವರ್ಷದ ನಂತರ ಪೊಲೀಸ್ ಠಾಣೆಯ ಮೇಜಿನ ಮೇಲೆ ಬಂದು ಬಿತ್ತು.

ಈಗ ನಾನು ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಹೈಸ್ಕೂಲುಗಳಿಗೆ ಹೋಗಿ ಶಿಕ್ಷಕರಿಗೆ ಹದಿಹರೆಯದ ಮಕ್ಕಳ ಬಗ್ಗೆ ತಿಳಿಸಿ ಹೇಳುವುದು ಕೆಲಸ. ಗೋಡೆಗೆ ಮೆದುಳಿನ ಚಿತ್ರ ತೂಗುಹಾಕಿ, ಹಣೆಯ ಹಿಂದಿನ ಭಾಗಕ್ಕೆ ಕೋಲು ಮುಟ್ಟಿಸಿ ಹೇಳುತ್ತೇನೆ: ತಡೆಯುವುದು, ಮುಂದೇನಾದೀತು ಎಂದು ಯೋಚಿಸುವುದು ಇದರ ಕೆಲಸ, ಎಲ್ಲಕ್ಕಿಂತ ಕೊನೆಗೆ ಬಲಿಯುವುದೂ ಇದೇ, ಇಪ್ಪತ್ತು ದಾಟಿದ ಮೇಲೂ ಇದರ ಬೆಳವಣಿಗೆ ನಡೆದಿರುತ್ತದೆ. ಸಿಟ್ಟು, ಉಮೇದಿ, ಗೆಳೆಯರ ಮುಂದೆ ಸೋಲಬಾರದೆಂಬ ಛಲ, ಇವು ಮಾತ್ರ ಹದಿಮೂರು ಹದಿನಾಲ್ಕಕ್ಕೇ ಎದ್ದು ನಿಂತಿರುತ್ತವೆ. ಒಬ್ಬನೇ ಕೂತಾಗ ತಪ್ಪು ಯಾವುದು ಒಪ್ಪು ಯಾವುದು ಎಂದು ಚೆನ್ನಾಗಿ ಹೇಳುವ ಹುಡುಗ, ನಾಲ್ಕು ಗೆಳೆಯರ ನಡುವೆ ನಿಂತಾಗ ಬೇರೆ ಹುಡುಗ ಆಗಿರುತ್ತಾನೆ.

ಹಿಂದಿನ ಬೆಂಚಿನಲ್ಲಿ ಕೂತ ಹಿರಿಯ ಮಾಸ್ತರರೊಬ್ಬರು ಪ್ರತಿ ಊರಿನಲ್ಲೂ ಇರುತ್ತಾರೆ. "ಅಂದ್ರ ಹೊಡೀಬ್ಯಾಡ್ರಿ ಅಂತೀರೇನ್ರಿ ಮೇಡಮ್?" ಎಂದು ಕೇಳುತ್ತಾರೆ. ಎಲ್ಲರೂ ನಗುತ್ತಾರೆ. ಚಹಾ ಬರುತ್ತದೆ.

ಕಳೆದ ದೀಪಾವಳಿ ಮುಗಿದ ಮೇಲೆ, ಒಂದು ರವಿವಾರ, ಇಂಥದೇ ಒಂದು ತರಬೇತಿ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆ. ಅವ್ವನ ಫೋನು ಬಂತು. "ಲಗೂ ಬಾ. ತಮ್ಮ ಒಬ್ಬಾವಗ ಬ್ಯಾಟಿನಿಂದ ಹೊಡದಾನಂತ. ಪೊಲೀಸರು ಕರಕೊಂಡು ಹೋದ್ರು."

ನನಗೆ ಇರುವವನು ಒಬ್ಬನೇ ತಮ್ಮ. ಡಿಗ್ರಿ ಮೊದಲ ವರ್ಷ. ಎತ್ತರಕ್ಕೆ ಅಪ್ಪನನ್ನು ಮೀರಿದ್ದ. ಮೀಸೆಯೂ ಬಂದಿತ್ತು, ಕನ್ನಡಿಯ ಮುಂದೆ ನಿಂತು ಅದನ್ನು ತೀಡುವ ಚಟವೂ ಬಂದಿತ್ತು. ಉಣಕಲ್ ಕೆರೆಯ ಕಡೆಗಿನ ಬಯಲಿನಲ್ಲಿ ಕ್ರಿಕೆಟ್ ಆಡುವಾಗ ರನ್ ಔಟ್ ಹೌದೋ ಅಲ್ಲವೋ ಎಂದು ಜಗಳ ಹತ್ತಿತ್ತು. ಪಕ್ಕದ ಓಣಿಯ ಹದಿನಾರರ ಹುಡುಗ ಇವನ ಕಾಲರಿಗೆ ಕೈ ಹಾಕಿದ. ಇವನ ಗೆಳೆಯರು ಸುತ್ತ ನಿಂತು, "ಹೋಗಲೇ, ನಿಮ್ಮವ್ವನ ಸೆರಗಿನ್ಯಾಗ ಹೋಗಿ ಕುಂದ್ರು" ಎಂದು ಇವನನ್ನೇ ಹಂಗಿಸಿದರು. ಇವನ ಕೈಯಲ್ಲಿ ಬ್ಯಾಟಿತ್ತು. ಬಿದ್ದದ್ದು ಒಂದೇ ಏಟು, ಆದರೆ ತಲೆಗೆ. ಹಂಗಿಸಿದವರೆಲ್ಲ ಓಡಿಹೋದರು. ನನ್ನ ತಮ್ಮ ಓಡಲಿಲ್ಲ. ಬಿದ್ದ ಹುಡುಗನ ಪಕ್ಕದಲ್ಲಿ ಕೂತು, ಬಾಟಲಿಯ ನೀರನ್ನು ಅವನ ಮುಖಕ್ಕೆ ಹಾಕುತ್ತಿದ್ದನಂತೆ.

ಠಾಣೆಯ ಬೆಂಚಿನ ಮೇಲೆ ಕೂತಿದ್ದ ಅವನನ್ನು ಕಂಡಾಗ ಗೋಡೆಯ ಮೇಲಿನ ಮೆದುಳಿನ ಚಿತ್ರ ನನಗೂ ನೆನಪಾಗಲಿಲ್ಲ. ನಾಡಿನ ಎಲ್ಲ ಅಕ್ಕಂದಿರ ಹಾಗೆ ಕೂಗಿದೆ. "ಏನೂ ತಿಳೀಲಿಲ್ಲೇನು ನಿನಗ? ತಲಿಗಿ ಹೊಡೀತಾರೇನೋ?"

"ಗೊತ್ತಿಲ್ಲಕ್ಕಾ" ಎಂದ.

"ಗೊತ್ತಿಲ್ಲಂದ್ರ?"

"ಖರೇ ಗೊತ್ತಿಲ್ಲ. ಹೊಡದ ಮ್ಯಾಲ ಗೊತ್ತಾತು."

ಇದೇ ಉತ್ತರವನ್ನು ಎಷ್ಟೋ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಅದು ನೆಪವಲ್ಲ, ನಿಜ ಎಂದು ಶಿಕ್ಷಕರಿಗೆ ಹೇಳಿದ್ದೇನೆ. ಆ ಹೊತ್ತಿಗೆ ಅವನ ಕಪಾಳಕ್ಕೆ ಹೊಡೆಯಲು ಎದ್ದ ನನ್ನ ಕೈಯನ್ನು ಅಪ್ಪ ಹಿಡಿದುಕೊಂಡರು.

ಸಬ್ ಇನ್‌ಸ್ಪೆಕ್ಟರರು ಕೆಟ್ಟವರಲ್ಲ. ಕುರ್ಚಿ ಕೊಟ್ಟರು. ಕೊಲೆ ಯತ್ನದ ಕೇಸು ಆಗುತ್ತದೆ ಎಂದರು. ನಾನು ಅವರಿಗೆ ವಯಸ್ಸು, ಮೆದುಳು, ಗೆಳೆಯರ ಒತ್ತಡ ಎಂದೆಲ್ಲ ಹೇಳತೊಡಗಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನೀವು ಹೇಳೂದು ಸಣ್ಣವರ ಮಾತ್ರಿ ಮೇಡಮ್. ಇಂವ ಸಣ್ಣಾಂವಲ್ಲ." ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲನ್ನು ನನ್ನ ಕಡೆಗೆ ತಿರುಗಿಸಿದರು. "ಜೂನ್ ಒಂದು. ನೋಡ್ರಿ. ಹದಿನೆಂಟು ಮುಗದು ಐದು ತಿಂಗಳಾತು."

ಆ ಜೂನ್ ಒಂದನ್ನು ಹೇಳಿ ಬರೆಸಿದವಳು ನಾನು.

ನಮ್ಮ ಕಡೆಯವರಿಗೆ ಜೂನ್ ಒಂದರ ಮಹಿಮೆ ಗೊತ್ತು. ಶಾಲೆ ಸುರುವಾಗುವ ದಿನದ ಹತ್ತಿರದ ತಾರೀಖು ಅದು. ಹುಟ್ಟಿದ ದಿನ ತಿಳಿಯದೆ ಬಂದ ಮಕ್ಕಳಿಗೆಲ್ಲ ಮಾಸ್ತರರು ಅದನ್ನೇ ಬರೆಯುತ್ತಿದ್ದರು. ಅಪ್ಪನದು ಜೂನ್ ಒಂದು, ಮಾಮಾನದು ಜೂನ್ ಒಂದು, ನನ್ನದೂ ಜೂನ್ ಒಂದು. ಅದರಲ್ಲಿ ಮೋಸವೇನೂ ಇಲ್ಲ, ಗೊತ್ತಿಲ್ಲದ್ದನ್ನು ತುಂಬಿಸುವ ರೀತಿ ಅಷ್ಟೆ. ಆದರೆ ತಮ್ಮನ ವಿಷಯದಲ್ಲಿ, ತಾರೀಖು ಅಲ್ಲದಿದ್ದರೂ, ಹುಟ್ಟಿದ ವರ್ಷ ನನಗೆ ಗೊತ್ತಿತ್ತು.

ಅವನು ಹುಟ್ಟಿದಾಗ ನನಗೆ ಏಳು ವರ್ಷ. ಆಮೇಲಿನ ನನ್ನ ಕೆಲಸವೆಂದರೆ ಅವನನ್ನು ಎತ್ತಿಕೊಂಡು ತಿರುಗುವುದು. ಅವ್ವ ಒಲೆಯ ಮುಂದೆ ಕೂತರೆ ಮಧ್ಯಾಹ್ನದ ತನಕ ಏಳುವಂತಿಲ್ಲ, ಖಾನಾವಳಿಯವನು ಬಂದು ನಿಂತಿರುತ್ತಿದ್ದ. ತಮ್ಮನನ್ನು ಟೊಂಕದ ಮೇಲೆ ಇಟ್ಟುಕೊಂಡೇ ಶಾಲೆಗೆ ಹೋಗುತ್ತಿದ್ದೆ. ಅತ್ತರೆ ಹೊರಗೆ ಕರೆದುಕೊಂಡು ಬರುತ್ತಿದ್ದೆ. ಗಣಿತದ ಅರ್ಧ ಪಾಠಗಳನ್ನು ಕಿಟಕಿಯ ಹೊರಗೆ ನಿಂತು ಕೇಳಿದ್ದೇನೆ. ಆರನೆಯ ತರಗತಿಯ ಕೊನೆಗೆ ಹೆಡ್ ಮಾಸ್ತರರು ಕರೆದು, "ಮುಂದಿನ ವರ್ಷ ಕೂಸಿನ ಬಿಟ್ಟು ಬರಾಕ ಆದ್ರ ಬಾ, ಇಲ್ಲಂದ್ರ ಬರಬ್ಯಾಡ" ಎಂದರು.

ಅವನು ಒಂದನೆಯ ತರಗತಿಯಲ್ಲಿ ಕೂತುಬಿಟ್ಟರೆ ನಾನು ಏಳನೆಯದರಲ್ಲಿ ಕೂರಬಹುದಿತ್ತು. ಆದರೆ ಅವನಿಗಿನ್ನೂ ಐದು ತುಂಬಿರಲಿಲ್ಲ. ಶಾಲೆಯಲ್ಲಿ ವಯಸ್ಸು ನೋಡುವ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ: ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಕಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಪ್ರವೇಶ. ಅವನ ಕೈ ಮುಟ್ಟುತ್ತಿರಲಿಲ್ಲ. ಮೇ ತಿಂಗಳು ಪೂರ್ತಿ ಅವನಿಗೆ ಒಂದು ಉಪಾಯ ಕಲಿಸಿದೆ: ಹಗುರಕೆ ಕುತ್ತಿಗೆಯನ್ನು ಬಲಕ್ಕೆ ವಾಲಿಸಬೇಕು, ಹೆಗಲನ್ನು ಮೇಲೆತ್ತಬೇಕು. ಸರಿಯಾಗಿ ಮಾಡಿದ ದಿನ ಬೆಲ್ಲದ ಚೂರು ಕೊಡುತ್ತಿದ್ದೆ. ಪ್ರವೇಶದ ದಿನ ಅಪ್ಪ ಗಂಟು ಹೊರಲು ಹೋಗಿದ್ದರು, ಅವ್ವ ರೊಟ್ಟಿಗೆ ಕೂತಿದ್ದಳು, ನಾನೇ ಅವನ ಕೈ ಹಿಡಿದು ಕರೆದುಕೊಂಡು ಹೋದೆ. ಅವನು ಕುತ್ತಿಗೆ ವಾಲಿಸಿ ಕಿವಿ ಮುಟ್ಟಿ, ಬೆಲ್ಲಕ್ಕಾಗಿ ನನ್ನ ಮುಖ ನೋಡಿದ. ಮಾಸ್ತರರು ನಕ್ಕರು. "ಎಷ್ಟು ವರ್ಷ?" ಎಂದರು. "ಆರು ತುಂಬ್ಯಾವ್ರಿ" ಎಂದೆ. ಅವರು ಲೆಕ್ಕ ಹಿಡಿದು ಜೂನ್ ಒಂದು ಬರೆದರು. ಹದಿನಾಲ್ಕು ತಿಂಗಳ ವಯಸ್ಸನ್ನು ಒಂದೇ ಮಾತಿನಲ್ಲಿ ಅವನ ಮೇಲೆ ಹೇರಿದೆ.

ಮರುದಿನದಿಂದ ನಾನು ಕಿಟಕಿಯ ಒಳಗೆ ಕೂತು ಗಣಿತ ಕಲಿತೆ.

ಕೋರ್ಟು ತಮ್ಮನನ್ನು ದೊಡ್ಡವರ ಜೈಲಿಗೆ ಕಳಿಸಿತು. ಹದಿನೇಳು ವರ್ಷ ಮೂರು ತಿಂಗಳಿನವನು. ಅಲ್ಲಿಂದ ಅವನನ್ನು ಹೊರಗೆ ತರಬೇಕು, ಮಕ್ಕಳ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕು. ಆಗುವುದಾದರೆ ಅಷ್ಟು ಆಗಬೇಕಿತ್ತು. ಅವನು ಮಾಡಿದ್ದನ್ನು ಇಲ್ಲವೆನಿಸುವುದು ನನ್ನ ಮನಸ್ಸಿನಲ್ಲಿ ಇರಲಿಲ್ಲ.

ಉಚಿತ ಕಾನೂನು ನೆರವಿನಿಂದ ನಮಗೆ ಸಿಕ್ಕ ವಕೀಲರು ಅರವತ್ತರ ಹತ್ತಿರದವರು. ಅವರ ಮುಂದೆ ನನ್ನ ಪುಸ್ತಕ, ಟಿಪ್ಪಣಿ, ಮೆದುಳಿನ ಚಿತ್ರ ಎಲ್ಲವನ್ನೂ ಹರಡಿದೆ. ಚಿತ್ರವನ್ನು ಎತ್ತಿ ನೋಡಿ, "ಛಲೋ ಐತಿ" ಎಂದು ಬದಿಗಿಟ್ಟರು.

"ನಿಮ್ಮ ಮಾತು ಖರೇನ ಐತಿ ತಂಗಿ. ಹದಿನೆಂಟರ ಹಿಂದಿನ ದಿನಾ ಹುಡುಗ, ಮರುದಿನಾ ಗಂಡಸು, ಹಂಗೇನು ತಲಿಯೊಳಗ ಬದಲಾಗೂದಿಲ್ಲ. ಆದ್ರ ಕಾನೂನಿಗೆ ಒಂದು ಗೆರಿ ಬೇಕಲ್ಲ? ಆ ಗೆರಿ ತಾರೀಖಿನ ಮ್ಯಾಲ ಐತಿ. ನನಗ ಮೆದುಳು ಬ್ಯಾಡ, ಕಾಗದಾ ತರ್ರಿ."

"ಕಾರ್ಪೊರೇಶನ್ನಿನ ಜನನ ಪತ್ರ ತಂದ್ರ ಆಗತೈತೇನ್ರಿ?"

"ಅಲ್ಲೇ ಐತಿ ಹಕೀಕತ್ತು. ಸಾಲಿ ಕಾಗದಾ ಇದ್ರ ಕಾನೂನು ಮದ್ಲ ಅದನ್ನ ನೋಡತೈತಿ. ಅದು ಇಲ್ಲಂದ್ರ ಕಾರ್ಪೊರೇಶನ್ನಿಂದು. ಅದೂ ಇಲ್ಲಂದ್ರ ಎಲುಬಿನ ಪರೀಕ್ಷಾ. ಸಾಲ್ಯಾಗ ಬರದದ್ದು ನಂಬಾಕ ಬರೂದಿಲ್ಲ ಅಂತ ಮದ್ಲ ತೋರಸ್ಬೇಕು. ಅದನ್ನ ಯಾರು ಬರಸಿದ್ರು?"

ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಸಾಕ್ಷಿ ಕಟ್ಟಿಯೊಳಗ ನಿಂತು ಹೇಳ್ತೀರೇನು ಇದನ್ನ?" ಎಂದು ಕೇಳಿದರು.

ನನಗೆ ಬಂದದ್ದು ನಾಚಿಕೆ ಅಲ್ಲ, ಸಿಟ್ಟು. ಎರಡು ಪದವಿ ಓದಿದ್ದೇನೆ. ಹದಿಹರೆಯದ ತಲೆಯಲ್ಲಿ ಏನು ನಡೆಯುತ್ತದೆ ಎಂದು ಈ ಊರಿನ ನೂರು ಜನರಿಗೆ ಕಲಿಸಿದ್ದೇನೆ. ಆ ಕಲಿಕೆಗೆ ಇಲ್ಲಿ ಬೆಲೆಯಿಲ್ಲ. ಬೆಲೆಯಿದ್ದದ್ದು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಹೇಳಿದ ಒಂದು ಸುಳ್ಳಿಗೆ. ಅದನ್ನು ಪೊಲೀಸರು ನಂಬುತ್ತಾರೆ, ಕೋರ್ಟು ನಂಬುತ್ತದೆ, ಎಸ್ಸೆಸ್ಸೆಲ್ಸಿ ಮಂಡಳಿ ಅಚ್ಚುಹಾಕಿ ಕೊಟ್ಟಿದೆ.

ಮನೆಯಲ್ಲಿ ಹೇಳಬೇಕಿತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮಾಮಾ ಬಂದು ಬಾಗಿಲ ಹತ್ತಿರ ಕೂತಿದ್ದರು.

"ಮಾಸ್ತರ ಬರದದ್ದು ಅಂತಿದ್ದೆಲ್ಲ?" ಎಂದಳು ಅವ್ವ.

"ನಾ ಹೇಳಿದ್ದು, ಅವರು ಬರದ್ರು."

"ಯಾಕ?"

"ನನಗ ಸಾಲಿಗೆ ಹೋಗೂದಿತ್ತವ್ವಾ."

ಅವ್ವ ಕೈ ನಿಲ್ಲಿಸಲಿಲ್ಲ. ರೊಟ್ಟಿ ಅಂಚಿಗೆ ಸೀಳಿತು, ಮುದ್ದೆ ಮಾಡಿ ಮತ್ತೆ ಬಡಿದಳು. "ಐದು ತುಂಬದ ಕೂಸು. ಮಧ್ಯಾಹ್ನ ನಿದ್ದಿ ಬಂದು ಸಾಲಿ ಫರಸಿ ಮ್ಯಾಲ ಮಲಗಿರ್ತಿತ್ತು. ಹುಡುಗ್ರು ಮ್ಯಾಲೆ ಮಣ್ಣು ಹಾಕ್ತಿದ್ರು. ಸರಕಾರದ ಕಾನೂನ ಹಂಗೈತಿ ಅಂತ ನಾ ಸುಮ್ಮನಿದ್ದೆ." ಅಷ್ಟೇ ಅಂದಳು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ತಾಕಿತು, ಯಾಕೆಂದರೆ ಅವಳಿಗೆ ಗೊತ್ತಿಲ್ಲದ್ದೊಂದು ನನಗೆ ಗೊತ್ತಿತ್ತು. ಅವನು ಪ್ರತಿ ತರಗತಿಯಲ್ಲೂ ಎಲ್ಲರಿಗಿಂತ ಚಿಕ್ಕವನು. ತನಗಿಂತ ವರ್ಷ, ಎರಡು ವರ್ಷ ದೊಡ್ಡವರ ಸರಿಸಮ ನಿಲ್ಲಲು ಹನ್ನೆರಡು ವರ್ಷ ಒದ್ದಾಡಿದ್ದಾನೆ. ಆ ದಿನ ಬಯಲಿನಲ್ಲಿ ಸುತ್ತ ನಿಂತು ಹಂಗಿಸಿದವರೂ ಅವರೇ. ಅವನನ್ನು ಅವರ ನಡುವೆ ಕೂರಿಸಿದವಳು ನಾನು.

ಮಾಮಾನಿಗೆ ಬೇರೆ ಚಿಂತೆ. "ಕೋರ್ಟಿನ್ಯಾಗ ನಿಂತು 'ನಾ ಸುಳ್ಳು ಹೇಳೇನಿ' ಅಂತೀಯೇನು? ನಾಳೆ ನಿನ್ನ ನೌಕರಿ ಹೋದ್ರ? ಹಡದವರು ಓದಿಸಿದ್ದು ಇದಕ್ಕೇನು?"

"ಹೋದ್ರ ನಿಮ್ಮ ಅಂಗಡ್ಯಾಗ ಬಳಿ ಇಡ್ತೇನಿ ಬಿಡ್ರಿ ಮಾಮಾ."

"ಎಂ.ಎ. ಮಾಡಿ ಬಳಿ ಇಡಾಕಿ!" ಎಂದು ಅವರು ಅಪ್ಪನ ಕಡೆ ತಿರುಗಿದರು. "ಮತ್ತ ಈ ತಲಿ ಬೆಳದಿಲ್ಲ ಅನ್ನೂದು ಏನು ಮಾತೋ ಮಾರಾಯಾ? ಮೀಸಿ ಬೆಳದಾವು, ಕಾಲು ಬೆಳದಾವು, ತಲಿ ಒಂದ ಹಿಂದ ಉಳೀತೇನು?"

ಅಪ್ಪ ಹುಬ್ಬಳ್ಳಿ ತಾಲೂಕಿನ ಒಂದು ಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿದವರು. ಮಾತು ಕಡಿಮೆ. ಆ ಹೊತ್ತು ಅವರೇ ಅಂದರು: "ಜ್ವಾಳದ ದಂಟು ಆಳೆತ್ತರ ಆಗಿರತೈತಿ. ತೆನೀನೂ ಬಂದಿರತೈತಿ. ಕಾಳು ಹಿಚುಕಿದ್ರ ಹಾಲ ಬರತೈತಿ. ದೂರಿಂದ ನೋಡಿದಾವ ಕೊಯ್ಲಿಗೆ ಬಂತು ಅಂತಾನ."

ನನ್ನ ಎಲ್ಲ ತರಬೇತಿಗಳನ್ನೂ ಸೇರಿಸಿದರೂ ನಾನು ಅಷ್ಟು ಸರಿಯಾಗಿ ಹೇಳಿಲ್ಲ. ಮಾಮಾ ಮೀಸೆ ತೀಡಿಕೊಂಡರು.

ಶಾಲೆಯ ಪ್ರವೇಶ ಪುಸ್ತಕವನ್ನು ನೋಡಲು ಮೂರು ಸಲ ಹೋಗಬೇಕಾಯಿತು. ಮೊದಲ ಸಲ ಬೀಗದ ಕೈ ಇದ್ದವರು ರಜೆಯಲ್ಲಿದ್ದರು. ಎರಡನೆಯ ಸಲ ಅರ್ಜಿ ಬೇಕೆಂದರು. ಮೂರನೆಯ ಸಲ ಕಪಾಟು ತೆರೆದರು. ಆ ವರ್ಷದ ಹಾಳೆಯಲ್ಲಿ ಮೇಲಿಂದ ಕೆಳಗಿನ ತನಕ ಜೂನ್ ಒಂದೇ ಜೂನ್ ಒಂದು. ತಮ್ಮನ ಹೆಸರಿನ ಮುಂದೆ, ವಯಸ್ಸಿಗೆ ಏನು ಆಧಾರ ಎಂಬ ಕಡೆ, "ಪಾಲಕರ ಹೇಳಿಕೆ" ಎಂದಿತ್ತು. ಪಾಲಕರ ಸಹಿಯ ಸಾಲಿನಲ್ಲಿ ಉಳಿದವರದು ಹೆಚ್ಚಾಗಿ ಹೆಬ್ಬೆಟ್ಟು. ಒಂದು ಕಡೆ ಮಾತ್ರ ದುಂಡಗಿನ ಅಕ್ಷರದಲ್ಲಿ ನನ್ನ ಹೆಸರು, ಕೆಳಗೊಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಹನ್ನೆರಡರಲ್ಲಿ ನನಗೆ ಆ ಸಹಿಯ ಬಗ್ಗೆ ಬಹಳ ಅಭಿಮಾನವಿತ್ತು.

ಈಗಿನ ಹೆಡ್ ಮಾಸ್ತರರು ಹಾಳೆಯನ್ನೂ ನನ್ನನ್ನೂ ನೋಡಿದರು. "ಪಾಲಕರು ನೀವೇನ್ರಿ? ಆವಾಗ ನಿಮ್ಮ ವಯಸ್ಸೆಷ್ಟು?"

"ಹನ್ನೆರಡ್ರಿ."

"ಯಪ್ಪಾ" ಎಂದರು. ದೃಢೀಕರಿಸಿದ ನಕಲು ಕೊಟ್ಟರು.

ಅಲ್ಲಿಂದ ಕಾರ್ಪೊರೇಶನ್ನಿನ ಜನನ ಮರಣ ವಿಭಾಗ. ತಮ್ಮ ಹುಟ್ಟಿದ್ದು ಸರಕಾರಿ ದವಾಖಾನೆಯಲ್ಲಿ, ಆದ್ದರಿಂದ ದಾಖಲೆ ಇರಲೇಬೇಕು. ಆದರೆ ತಾರೀಖು ಹೇಳಿದರೆ ಹುಡುಕುತ್ತೇವೆ ಎನ್ನುತ್ತಾರೆ. ತಾರೀಖು ಗೊತ್ತಿದ್ದರೆ ನಾನೇಕೆ ಅಲ್ಲಿ ನಿಲ್ಲುತ್ತಿದ್ದೆ? ಅವ್ವನನ್ನು ಕರೆದುಕೊಂಡು ಹೋದೆ. ಅವಳ ಹತ್ತಿರ ಇದ್ದದ್ದು ಬೇರೆ ಪಂಚಾಂಗ.

"ನಾಗರ ಪಂಚಮಿ ಉಂಡಿ ಕಟ್ಟಾಕತ್ತಿದ್ದೆ ನೋಡ್ರಿ. ಶೇಂಗಾದುಂಡಿ ಮುಗದಿದ್ವು, ಎಳ್ಳಿನುಂಡಿಗೆ ಪಾಕಾ ಇಟ್ಟಿದ್ದೆ. ಪಾಕಾ ಬರೂದ್ರಾಗ ಬ್ಯಾನಿ ಬಂತು. ಮರುದಿನಾ ನಸುಕಿನ್ಯಾಗ ಇಂವ ಹುಟ್ಟಿದ. ಪಾಕಾ ಒಲಿ ಮ್ಯಾಲ ಹೊತ್ತಿ ಕಲ್ಲಾಗಿತ್ತು."

ಗುಮಾಸ್ತರು ಪೆನ್ನು ಕೆಳಗಿಟ್ಟರು. "ಪಾಕಾ ಬಿಡಬೇ ಯವ್ವಾ, ವರ್ಷ ಯಾವುದು?"

ವರ್ಷವನ್ನು ನಾನು ಹೇಳಿದೆ. ಆ ವರ್ಷದ ಪಂಚಮಿ ಯಾವ ತಾರೀಖಿಗೆ ಬಂದಿತ್ತು ಎಂದು ಅವರೇ ಮೊಬೈಲಿನಲ್ಲಿ ನೋಡಿದರು. ಕಂಪ್ಯೂಟರಿನಲ್ಲಿ ಸಿಗಲಿಲ್ಲ. ಹಳೆಯ ಪುಸ್ತಕ ಬೇರೆ ಕೋಣೆಯಲ್ಲಿತ್ತು, ಆ ಕೋಣೆಯವರು ಊಟಕ್ಕೆ ಹೋಗಿದ್ದರು, ಊಟದಿಂದ ಬಂದವರು ಸಭೆಗೆ ಹೋದರು. ನಾಲ್ಕು ದಿನ ಕೌಂಟರಿನ ಮುಂದೆ ನಿಂತೆ. ಐದನೆಯ ದಿನ ಸಿಕ್ಕಿತು. ತಂದೆಯ ಹೆಸರು, ತಾಯಿಯ ಹೆಸರು, ಉಣಕಲ್, ಲಿಂಗ ಗಂಡು. ಮಗುವಿನ ಹೆಸರಿನ ಜಾಗ ಖಾಲಿ.

"ಹೆಸರ ಇಲ್ಲಲ್ರೀ ಮೇಡಮ್. ಇದು ನಿಮ್ಮ ತಮ್ಮಂದ ಅಂತ ಹೆಂಗ ಹೇಳೂದು?"

"ನಮ್ಮವ್ವ ಹಡದದ್ದು ಎರಡು. ಒಂದು ನಾನು. ನಾ ಗಂಡಲ್ರಿ."

ಅವರು ನಕ್ಕು ಮುದ್ರೆ ಒತ್ತಿದರು. ನನಗೆ ನಗು ಬರಲಿಲ್ಲ. ನಾನು ಕೌಂಟರಿನ ಮುಂದೆ ಕಳೆದ ಪ್ರತಿ ದಿನವನ್ನೂ ಅವನು ಜೈಲಿನಲ್ಲಿ ಕಳೆಯುತ್ತಿದ್ದ. ಹಿಂದಿನ ವಾರದ ಭೇಟಿಯಲ್ಲಿ ಅವನು ಹೊಸದೊಂದು ರೀತಿಯಲ್ಲಿ ನಗುವುದನ್ನು ಕಲಿತಿದ್ದ, ಬಾಯಿಯ ಒಂದೇ ಬದಿಯಿಂದ. ಯಾರಿಂದ ಕಲಿತೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಆ ವಯಸ್ಸಿನ ಮೆದುಳು ಸುತ್ತಲಿನದನ್ನು ಬೇಗ ಹೀರುತ್ತದೆ, ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲದೆ. ಇದನ್ನೂ ನಾನೇ ಶಿಕ್ಷಕರಿಗೆ ಹೇಳುತ್ತಿದ್ದೆ.

ಕೋರ್ಟಿನ ದಿನಕ್ಕಿಂತ ಮೊದಲು ಪಕ್ಕದ ಓಣಿಗೆ ಹೋದೆ. ಹೋಗಬೇಡ ಎಂದು ಎಲ್ಲರೂ ಹೇಳಿದ್ದರು. ಪೆಟ್ಟು ತಿಂದ ಹುಡುಗ ದವಾಖಾನೆಯಿಂದ ಮನೆಗೆ ಬಂದಿದ್ದ. ಅವನ ಬಲಗೈ ಇನ್ನೂ ಮುಷ್ಟಿ ಕಟ್ಟುತ್ತಿರಲಿಲ್ಲ. ಅವನ ತಾಯಿ ಬಾಗಿಲಲ್ಲೇ ನಿಂತಳು, ಒಳಗೆ ಬಾ ಎನ್ನಲಿಲ್ಲ.

"ನಿನ್ನ ತಮ್ಮನ ತಲಿ ಬೆಳದಿಲ್ಲ ಅಂತ ಕೋರ್ಟಿಗೆ ಹೇಳಾಕ ಹೊಂಟೀಯಂತ. ನನ್ನ ಮಗನ ತಲಿ ಒಡದೈತಿ. ಅದನ್ನ ನಾ ಯಾರಿಗೆ ಹೇಳ್ಲಿ?"

"ತಪ್ಪು ಮಾಡಿಲ್ಲ ಅಂತ ನಾ ಹೇಳೂದಿಲ್ರಿ ಅಕ್ಕಾ. ಶಿಕ್ಷಾ ಆಗಬಾರದು ಅಂತೂ ಅನ್ನೂದಿಲ್ಲ. ಅಂವ ದೊಡ್ಡಾವಲ್ಲ ಅಂತ ಅಷ್ಟ."

"ನನ್ನ ಮಗಾ ದೊಡ್ಡಾವ ಇದ್ದನೇನು?"

ಒಳಗೆ ಚಾಪೆಯ ಮೇಲೆ ಕೂತ ಹುಡುಗ ಹಿಟ್ಟಿನ ಮುದ್ದೆಯೊಂದನ್ನು ಬಲಗೈಯಲ್ಲಿ ಹಿಚುಕಲು ನೋಡುತ್ತಿದ್ದ. ಅಲ್ಲಿಂದಲೇ ಕೂಗಿದ: "ಅಕ್ಕಾ, ಅಂವ ಈ ಸಲ ಪರೀಕ್ಷಾ ಬರೀತಾನೇನ್ರಿ?" ಅವನ ತಾಯಿ ಬಾಗಿಲು ಮುಚ್ಚಿದಳು.

ಸಾಕ್ಷಿ ಕಟ್ಟೆಯಲ್ಲಿ ನಿಂತಾಗ ನನ್ನ ಪದವಿಗಳನ್ನೆಲ್ಲ ಬರೆದುಕೊಂಡರು. ಆಮೇಲೆ ನಮ್ಮ ವಕೀಲರು ಪ್ರವೇಶ ಪುಸ್ತಕದ ನಕಲು ತೋರಿಸಿ, ಈ ಸಹಿ ಯಾರದೆಂದು ಕೇಳಿದರು. ನನ್ನದೆಂದೆ. ಕಿವಿ ಮುಟ್ಟಿಸಿದ್ದನ್ನು, ಬೆಲ್ಲ ಕೊಟ್ಟದ್ದನ್ನು, ಆರು ತುಂಬಿವೆ ಎಂದದ್ದನ್ನು ಎಲ್ಲ ಹೇಳಿದೆ. ಹಿಂದೆ ಯಾರೋ ಕಿಸಕ್ಕೆಂದರು.

ಸರಕಾರದ ಪರ ವಕೀಲರು ಎದ್ದರು. "ಆವಾಗ ನಿಮಗ ಬೇಕಿತ್ತು, ಸುಳ್ಳು ಹೇಳಿದ್ರಿ. ಈಗ ತಮ್ಮ ಹೊರಗ ಬರೂದು ಬೇಕಾಗೇತಿ. ಈಗ ಖರೇ ಹೇಳಾಕತ್ತೀರಿ ಅಂತ ಯಾಕ ನಂಬಬೇಕ್ರಿ?"

"ನನ್ನ ನಂಬಬ್ಯಾಡ್ರಿ. ದವಾಖಾನಿಯವರು ಬರದದ್ದು ನಂಬ್ರಿ. ಅವರಿಗೆ ಆವತ್ತು ಯಾರ್ನೂ ಸಾಲಿಗೆ ಹಚ್ಚೂದಿದ್ದಿಲ್ಲ."

"ಹನ್ನೆರಡು ವರ್ಷಕ್ಕ ನಿಮಗ ಅದು ಸುಳ್ಳು ಅಂತ ತಿಳೀತಿತ್ತೋ ಇಲ್ಲೋ?"

"ತಿಳೀತಿತ್ರಿ."

"ತಿಳದೂ ಹೇಳಿದ್ರಿ."

"ಹೌದ್ರಿ. ಸುಳ್ಳು ಅನ್ನೂದು ತಿಳೀತಿತ್ತು. ಮುಂದ ಇದರಿಂದ ಏನಾಗತೈತಿ ಅನ್ನೂದು ತಿಳೀತಿದ್ದಿಲ್ಲ. ನನಗ ಏಳನೇ ಕ್ಲಾಸು ಒಂದ ಕಾಣಸ್ತಿತ್ತು."

ಅದನ್ನು ಹೇಳಬೇಕೆಂದು ತಯಾರಿ ಮಾಡಿಕೊಂಡು ಹೋದವಳಲ್ಲ ನಾನು. ಬಾಯಿಗೆ ಬಂತು. ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿ ಒಂದು ಸಲ ನನ್ನ ಮುಖ ನೋಡಿ ಮತ್ತೆ ಬರೆದುಕೊಂಡರು. ಅವರ ಮನಸ್ಸಿಗೆ ಏನು ಬಂತೋ ನನಗೆ ಗೊತ್ತಿಲ್ಲ. ಆದೇಶದಲ್ಲಿ ಮೆದುಳಿನ ಮಾತು ಒಂದೂ ಇರಲಿಲ್ಲ. ಶಾಲೆಯ ದಾಖಲೆಗೆ ಆಧಾರವಿಲ್ಲ, ಜನನ ಪತ್ರವನ್ನು ಒಪ್ಪಲಾಗಿದೆ, ಘಟನೆಯ ದಿನ ಆತ ಬಾಲಕ, ಪ್ರಕರಣವನ್ನು ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ಇಷ್ಟೇ. ಇದಕ್ಕೆ ಎಂಟು ವಾರ ಹಿಡಿದಿತ್ತು.

ನನ್ನ ನೌಕರಿ ಹೋಗಲಿಲ್ಲ. ಆದರೆ ಆಮೇಲಿನ ಒಂದು ತರಬೇತಿಯಲ್ಲಿ, ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲು ಓದಿದ್ದ ಶಿಕ್ಷಕರೊಬ್ಬರು, "ನಿಮ್ಮ ತಮ್ಮನ ಸಲುವಾಗಿ ಈ ಪಾಠಾ ಮಾಡಾಕತ್ತೀರೇನ್ರಿ?" ಎಂದು ಎಲ್ಲರ ಮುಂದೆ ಕೇಳಿದರು. ಹೌದೆಂದರೆ ಒಂದು ಅರ್ಥ, ಅಲ್ಲವೆಂದರೆ ಇನ್ನೊಂದು. ಕೋಲನ್ನು ಚಿತ್ರದ ಮೇಲಿಟ್ಟು ಪಾಠ ಮುಂದುವರಿಸಿದೆ. ಆ ದಿನ ಚಹಾ ಕುಡಿಯಲಿಲ್ಲ.

ಮಂಡಳಿಯ ಕೋಣೆ ಕೋರ್ಟಿನ ಹಾಗಿರಲಿಲ್ಲ. ಕಟ್ಟೆ ಇಲ್ಲ, ಕಟಕಟೆ ಇಲ್ಲ, ಒಂದು ಉದ್ದ ಮೇಜು. ಜೈಲಿನಿಂದ ಮಕ್ಕಳ ವೀಕ್ಷಣಾಲಯಕ್ಕೆ ಬಂದಿದ್ದ ತಮ್ಮ ಮೇಜಿನ ಆ ಬದಿಗೆ ಕೂತಿದ್ದ, ತೆಳ್ಳಗಾಗಿದ್ದ. ಮಂಡಳಿಯಲ್ಲಿದ್ದ ಹೆಣ್ಣುಮಗಳೊಬ್ಬರು, "ಆ ಹುಡುಗನ ಕೈ ಈಗ ಹೆಂಗೈತಿ, ಗೊತ್ತೈತೇನು ನಿನಗ?" ಎಂದು ಕೇಳಿದರು. ಅವನು ಗೊತ್ತಿಲ್ಲ ಎಂದ. ಅವರು ಹೇಳಿದರು, ಒಂದನ್ನೂ ಮುಚ್ಚಿಡದೆ. ಹೊಡೆದ ದಿನದಿಂದ ಒಂದು ಹನಿ ಕಣ್ಣೀರು ಹಾಕದಿದ್ದವನು ಅಲ್ಲಿ ಬಿಕ್ಕಿ ಬಿಕ್ಕಿ ಅತ್ತ. ಎಂಟು ವಾರದಲ್ಲಿ ಯಾರೂ ಅವನಿಗೆ ಆ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನಾನು ಕಾಗದಗಳ ಹಿಂದೆ ಓಡುತ್ತಿದ್ದೆ.

ಪ್ರಕರಣ ಮುಗಿದಿಲ್ಲ. ವಿಚಾರಣೆ ನಡೆಯುತ್ತದೆ. ಅಲ್ಲಿಯ ತನಕ ವಾರಕ್ಕೊಮ್ಮೆ ಸಮಾಲೋಚನೆಗೆ ಬರಬೇಕು, ಕಾಲೇಜು ಬಿಡಬಾರದು, ಆ ಹುಡುಗನ ಮನೆಯ ಕಡೆ ತಾನಾಗಿ ಹೋಗಬಾರದು. ಈ ಕರಾರಿನ ಮೇಲೆ ಅವನನ್ನು ತಾಯಿಯ ವಶಕ್ಕೆ ಕೊಟ್ಟರು. ಅವ್ವ ಹೆಬ್ಬೆಟ್ಟು ಒತ್ತಿದಳು.

ಗುಮಾಸ್ತರು ಜನನ ಪತ್ರದ ನಕಲನ್ನು ಕಡತಕ್ಕೆ ಸೇರಿಸಿ, ಮೂಲ ಪ್ರತಿಯನ್ನು ಅವ್ವನ ಕೈಗೆ ಕೊಟ್ಟರು. "ಇದನ್ನ ಜ್ವಾಪಾನ ಇಡಬೇ ಯವ್ವಾ" ಎಂದರು. ಅವ್ವ ಅದನ್ನು ಎರಡೂ ಬದಿ ತಿರುಗಿಸಿ ನೋಡಿದಳು. ಮುದ್ರೆಯ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಕಡೆ ಚಾಚಿದಳು. ನಾನು ಸುಳ್ಳನ್ನು ಒಪ್ಪಿಕೊಂಡ ದಿನದಿಂದ ಅವಳು ನನ್ನ ಜೊತೆ ನೆಟ್ಟಗೆ ಆಡಿದ ಮೊದಲ ಮಾತು ಇದು.

"ಕಾಗದಾ ನೀ ಇಟ್ಕೋ. ಇವನ್ನ ನಾ ಕರಕೊಂಡು ಹೋಗ್ತೇನಿ."